ಕಿತ್ತ ಮೈಕ್ ವೈರು, 25 ವ್ಯಾಟಿನ ಐರನ್

ಮೈಕಿನ ವೈರು ಪ್ಲಗ್ಗಿನ ಬುಡದಲ್ಲೇ ಕಿತ್ತುಬಂತು. ಬನಶಂಕರಿಯಲ್ಲಿ ಗೆಳೆಯನ ರೂಮಿನಲ್ಲಿದ್ದೆವು, ಮರುದಿನ ಸಂದರ್ಶನ. ಸ್ಟ್ರಿಂಗರ್ ಬದುಕು ಗೊತ್ತಲ್ಲ, ಸುದ್ದಿ ಹೋದರೆ ಕಾಸು, ಇಲ್ಲದಿದ್ದರೆ ಬಸ್ ಚಾರ್ಜೂ ನಮ್ಮದೇ.

ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿಳಿದು ಎಸ್.ಪಿ. ರಸ್ತೆಗೆ ನಡೆದೆವು. ದೊಡ್ಡದಾದರೆ ಬೇಗ ಕೆಲಸವಾದೀತೆಂದು 60 ವ್ಯಾಟಿನ ಸೋಲ್ಡರಿಂಗ್ ಐರನ್ ಕೇಳಿದೆವು. ಅಂಗಡಿಯವರು, ‘ಯಾವ ಕೆಲ್ಸಕ್ಕೆ?’ ಎಂದರು. ಹೇಳಿದೆವು. ‘ವೈರಿನ ಪ್ಲಾಸ್ಟಿಕ್ಕೇ ಕರಗೋಗುತ್ತೆ, 25 ಸಾಕು.’ ಜೊತೆಗೆ 60:40 ಲೆಡ್ಡಿನ ಸುರುಳಿ ಕೊಟ್ಟರು. 60 ಪಾಲು ತವರ, 40 ಪಾಲು ಸೀಸ; 190 ಡಿಗ್ರಿ ಹೊತ್ತಿಗೆ ಕರಗುತ್ತದೆ. ಒಳಗೆ ರಾಳವಿರುತ್ತದೆ, ಏಳುವ ಹೊಗೆ ಹೆಚ್ಚಾಗಿ ಅದರದ್ದೇ. ಕಿಟಕಿ ತೆರೆದಿಡಿ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಮೊದಲ ಸಲ ಲೆಡ್ಡನ್ನು ಐರನ್ನಿನ ತುದಿಯಲ್ಲಿ ಕರಗಿಸಿ ವೈರಿನ ಮೇಲೆ ತೊಟ್ಟಿಕ್ಕಿಸಿದೆವು. ಮಂಕು ಬಣ್ಣದ ಗೋಲಿಯಾಗಿ ಕೂತಿತು, ಎಳೆದರೆ ಕೈಗೇ ಬಂತು. ತಪ್ಪು ಅಲ್ಲೇ ಇತ್ತು: ಕಾಯಬೇಕಾದ್ದು ವೈರು ಮತ್ತು ಪಿನ್ನು. ಅವೆರಡಕ್ಕೂ ಐರನ್ ತಾಗಿಸಿ, ಎರಡು ಮೂರು ಸೆಕೆಂಡು ಬಿಟ್ಟು, ಲೆಡ್ಡನ್ನು ಅವಕ್ಕೇ ಮುಟ್ಟಿಸಬೇಕು. ಆಗ ನೀರಿನಂತೆ ಹರಿದು ಹಿಡಿಯುತ್ತದೆ. ಆರುವ ತನಕ ಅಲುಗಾಡಿಸಬಾರದು. ನಾವು ಊದಿ ಕೆಡಿಸಿದ್ದೂ ಉಂಟು. ಕೆಟ್ಟ ಚಾರ್ಜರಿನ ವೈರುಗಳ ಮೇಲೆ ರಾತ್ರಿ ಹನ್ನೊಂದರವರೆಗೂ ಕಲಿತೆವು. ಬೆರಳಿಗೊಂದು ಬೊಬ್ಬೆ ಬಂತು.

ಬೆಳಿಗ್ಗೆ ಮೈಕಿನ ಪಿನ್ನಿಗೆ ಬೆಸೆದು, ಎಳೆದು ನೋಡಿದೆವು. ಬರಲಿಲ್ಲ. ರೆಕಾರ್ಡರಿಗೆ ಚುಚ್ಚಿದೆವು. ಪಕ್ಕದ ಮನೆಯ ಕುಕ್ಕರ್ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು.