ನೀರು ಸಮ ಆಗುವವರೆಗೆ

ಮೊದಲ ಸಲ ತಳ್ಳಿದಾಗ ಗೇಟು ಅಲ್ಲಾಡಲೇ ಇಲ್ಲ. ದಪ್ಪ ಮರದ ಗೇಟು. ಅದರ ತಲೆಯಿಂದ ದಡದ ಮೇಲಕ್ಕೆ ಚಾಚಿದ ಉದ್ದನೆಯ ತೊಲೆ, ತುದಿಗೆ ಬಿಳಿ ಬಣ್ಣ. ಆ ತೊಲೆಗೆ ಬೆನ್ನು ಕೊಟ್ಟು, ನೆಲದಲ್ಲಿ ಕಾಲಿಗೆ ಆಸರೆಯಾಗಲೆಂದೇ ಎಬ್ಬಿಸಿಟ್ಟ ಇಟ್ಟಿಗೆಯ ಸಾಲಿಗೆ ಹಿಮ್ಮಡಿ ಒತ್ತಿ, ಇದ್ದಬದ್ದ ಬಲವನ್ನೆಲ್ಲ ಹಾಕಿದೆ. ಆಚೆ ದಡದಿಂದ ಮಗಳು ಕೂಗಿದಳು: "ಅಮ್ಮಾ, ನೀರು ಇನ್ನೂ ಸಮ ಆಗಿಲ್ಲ. ಸುಮ್ನೆ ಒರಗಿಕೊಂಡು ನಿಂತಿರು, ಅದೇ ಬಿಟ್ಕೊಡತ್ತೆ."

ಒರಗಿ ನಿಂತೆ. ತೊಟ್ಟಿಯೊಳಗೆ ನೀರು ಏರುತ್ತಿತ್ತು. ಮೊದಲಿನ ಭೋರ್ಗರೆತ ಸುಳಿಯಾಗಿ, ಸುಳಿ ನಡುಕವಾಗಿ, ನಡುಕವೂ ನಿಂತಿತು. ಬೆನ್ನ ಹಿಂದಿನ ತೊಲೆ ಯಾರೋ ಉಸಿರು ಬಿಟ್ಟಂತೆ ಸಡಿಲವಾಯಿತು. ಆಮೇಲೆ ಅಷ್ಟು ಭಾರದ ಗೇಟು ನನ್ನ ಬೆನ್ನಿಗೇ ಜರುಗಿತು, ನಮ್ಮೂರ ಮನೆಯ ಹಿತ್ತಲ ಬಾಗಿಲು ತೆರೆದಷ್ಟು ಸಲೀಸಾಗಿ.

ಇದು ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯ ಗ್ರಿಂಡ್ಲಿ ಬ್ರೂಕ್. ಮಗಳು, ಅಳಿಯ ಬರ್ಮಿಂಗ್‌ಹ್ಯಾಮಿನಲ್ಲಿದ್ದಾರೆ. ಮೇ ತಿಂಗಳಲ್ಲಿ ರೆನ್‌ಬರಿ ಎಂಬ ಹಳ್ಳಿಯಿಂದ ಒಂದು ನ್ಯಾರೋಬೋಟ್ ಬಾಡಿಗೆಗೆ ಹಿಡಿದು, ವೇಲ್ಸಿನ ಲಾಂಗೊಲೆನ್‌ವರೆಗೆ ಕಾಲುವೆಯಲ್ಲಿ ಹೋಗಿ ಬರೋಣವೆಂದರು. ದೋಣಿಯ ಉದ್ದ 57 ಅಡಿ, ಅಗಲ 6 ಅಡಿ 10 ಅಂಗುಲ. ಅಡುಗೆಮನೆ, ಮಂಚ, ಸೌದೆಯ ಒಲೆ ಎಲ್ಲವೂ ಆ ಅಗಲದೊಳಗೇ. ಒಬ್ಬರು ನಡೆದರೆ ಇನ್ನೊಬ್ಬರು ಪಕ್ಕಕ್ಕೆ ಸರಿಯಬೇಕು.

ನಾನು ಮಂಡ್ಯ ಸೀಮೆಯವಳು. ನಾಲೆ ಎಂದರೆ ನನಗೆ ಇಳಿಜಾರು ಹಿಡಿದು ಓಡುವ ನೀರು. ತೂಬು, ನೀರುಗಂಟಿ, ಕಟ್ಟು ನೀರಿನ ಸರದಿ. ಸರದಿ ತಪ್ಪೀತೆಂದು ಅಪ್ಪ ರಾತ್ರಿಯೆಲ್ಲ ಬ್ಯಾಟರಿ ಹಿಡಿದು ಬದುವಿನ ಮೇಲೆ ಕೂತಿರುತ್ತಿದ್ದರು. ನೀರು ಗದ್ದೆಗೆ ಹೋಗಬೇಕು. ನಾಲೆ ಇರುವುದೇ ಅದಕ್ಕೆ. ಇಲ್ಲಿಯ ಕಾಲುವೆಯ ಎರಡೂ ದಂಡೆಯಲ್ಲಿ ಹುಲ್ಲುಗಾವಲು, ಆದರೆ ಒಂದು ತೂಬೂ ಕಾಣಲಿಲ್ಲ. ಈ ನೀರಿನ ಕೆಲಸ ಬೇರೆ. ಅದು ಟನ್ನುಗಟ್ಟಲೆ ಭಾರವನ್ನು ಗುಡ್ಡ ಹತ್ತಿಸುತ್ತದೆ.

ಲಾಕ್ ಎಂದರೆ ಎರಡು ತುದಿಗೂ ಗೇಟಿರುವ ಒಂದು ಆಳದ ತೊಟ್ಟಿ. ದೋಣಿ ಕೆಳಗಿನಿಂದ ಒಳಬಂದ ಮೇಲೆ ಹಿಂದಿನ ಗೇಟು ಮುಚ್ಚಬೇಕು. ವಿಂಡ್‌ಲಾಸ್ ಎಂಬ ಬಾಗಿದ ಕಬ್ಬಿಣದ ಹಿಡಿಕೆಯನ್ನು ಹಲ್ಲುಚಕ್ರಕ್ಕೆ ಸಿಕ್ಕಿಸಿ ತಿರುಗಿಸಿದರೆ ನೀರೊಳಗಿನ ಹಲಗೆ ಮೇಲೇಳುತ್ತದೆ. ಮೇಲಿನ ಕಾಲುವೆಯ ನೀರು ತೊಟ್ಟಿಗೆ ಇಳಿದು ದೋಣಿಯನ್ನು ಎತ್ತುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಗ್ರಿಂಡ್ಲಿ ಬ್ರೂಕಿನಲ್ಲಿ ಇಂಥ ಆರು ಇವೆ. ಮೇಲಿನ ಮೂರು ಒಂದಕ್ಕೊಂದು ಅಂಟಿಕೊಂಡ ಮೆಟ್ಟಿಲು, ಒಂದರ ಮೇಲಿನ ಗೇಟೇ ಇನ್ನೊಂದರ ಕೆಳಗಿನ ಗೇಟು. ದೋಣಿಯೊಂದು ದಾಟಿದಾಗಲೆಲ್ಲ ಸುಮಾರು 1 ಲಕ್ಷ ಲೀಟರ್ ನೀರು ಮೇಲಿನಿಂದ ಕೆಳಗೆ ಹೋಗುತ್ತದೆ. ಆದ್ದರಿಂದ ಎದುರಿನಿಂದ ದೋಣಿ ಬರುತ್ತಿದ್ದರೆ ನಮ್ಮ ಅವಸರ ಬಿಟ್ಟು ಕಾಯಬೇಕು. ಅವರು ಇಳಿದ ತೊಟ್ಟಿಯಲ್ಲೇ ನಾವು ಹತ್ತಿದರೆ ಒಂದೇ ನೀರಿನಲ್ಲಿ ಇಬ್ಬರ ಕೆಲಸ ಆಗುತ್ತದೆ. ಕಟ್ಟು ನೀರಿನ ಲೆಕ್ಕ ಕಂಡವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಲಾಕುಗಳನ್ನು ಇಷ್ಟು ಕಿರಿದಾಗಿ ಯಾಕೆ ಕಟ್ಟಿದರು ಎಂದು ಅಳಿಯನನ್ನು ಕೇಳಿದೆ. "ಅತ್ತೆ, ಅದಕ್ಕೆ ಬ್ರಿಂಡ್ಲಿ ಕಾರಣ" ಎಂದರು. ಜೇಮ್ಸ್ ಬ್ರಿಂಡ್ಲಿ ಓದುಬರಹ ಅಷ್ಟಕ್ಕಷ್ಟೇ ಇದ್ದ ಗಿರಣಿ ಕೆಲಸದ ಮೇಸ್ತ್ರಿ. ತೊಡಕೊಂದು ಎದುರಾದರೆ ಹಾಸಿಗೆಯಲ್ಲಿ ಮಲಗಿ, ತಲೆಯಲ್ಲೇ ಬಿಡಿಸಿಕೊಂಡು ಏಳುತ್ತಿದ್ದನಂತೆ. 1761ರಲ್ಲಿ ಡ್ಯೂಕ್ ಆಫ್ ಬ್ರಿಜ್‌ವಾಟರ್‌ನ ಗಣಿಯ ಕಲ್ಲಿದ್ದಲು ಅವನ ಕಾಲುವೆಯಲ್ಲಿ ಮ್ಯಾಂಚೆಸ್ಟರಿನತ್ತ ಹೊರಟಿತು. ಊರಿನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕಿಳಿಯಿತು. ಪಿಂಗಾಣಿ ತಯಾರಿಸುತ್ತಿದ್ದ ಜೊಸಾಯ ವೆಜ್‌ವುಡ್‌ಗೆ ಗುಂಡಿಬಿದ್ದ ರಸ್ತೆಯಲ್ಲಿ ಸರಕು ಒಡೆಯುವುದೇ ಚಿಂತೆ. 1766ರಲ್ಲಿ ಟ್ರೆಂಟ್ ಮತ್ತು ಮರ್ಸಿ ಕಾಲುವೆಗೆ ಮೊದಲ ಗುದ್ದಲಿ ಹಾಕಿದವನು ಅವನೇ. ಆ ದಾರಿಗೆ ಹೇರ್‌ಕ್ಯಾಸಲ್ ಗುಡ್ಡ ಅಡ್ಡ ಬಂತು. ಎರಡೂವರೆ ಕಿಲೋಮೀಟರಿಗೂ ಉದ್ದದ ಸುರಂಗ ತೋಡಬೇಕು. ಅಗಲ ಹೆಚ್ಚಿದಷ್ಟೂ ಖರ್ಚು, ಲಾಕ್ ದೊಡ್ಡದಾದಷ್ಟೂ ನೀರು. ಬ್ರಿಂಡ್ಲಿ ಲಾಕುಗಳ ಅಗಲವನ್ನು ಏಳು ಅಡಿಗೆ ನಿಲ್ಲಿಸಿದ. ಸುರಂಗ ಮುಗಿದದ್ದು 1777ರಲ್ಲಿ, ಅವನು ತೀರಿಹೋಗಿ ಐದು ವರ್ಷವಾಗಿತ್ತು. ಒಳಗೆ ದೋಣಿ ಎಳೆಯುವ ಕುದುರೆ ನಡೆಯಲು ಜಾಗವಿರಲಿಲ್ಲ. ಕುದುರೆಯನ್ನು ಗುಡ್ಡದ ಮೇಲಿಂದ ನಡೆಸಿ, ಆಳುಗಳು ದೋಣಿಯ ಮೇಲೆ ಅಂಗಾತ ಮಲಗಿ, ಗೋಡೆಗೆ ಕಾಲು ಕೊಟ್ಟು ಕತ್ತಲಲ್ಲಿ ಹೆಜ್ಜೆ ಹಾಕುತ್ತ ದೋಣಿ ದಾಟಿಸಬೇಕಿತ್ತು.

ಆ ಏಳು ಅಡಿ ಮುಂದೆ ಸಾವಿರಾರು ಸಂಸಾರಗಳ ಮನೆಯ ಅಳತೆಯಾಯಿತು. ಹಿಂದಿನ ವರ್ಷ ಎಲ್ಸ್‌ಮಿಯರ್ ಪೋರ್ಟಿನ ಮ್ಯೂಸಿಯಮ್ಮಿನಲ್ಲಿ ಹಳೆಯ ಸರಕು ದೋಣಿಯ ಹಿಂಬದಿಯ ಕೋಣೆಗೆ ಇಳಿದಿದ್ದೆ. ಉದ್ದ ಹತ್ತು ಅಡಿಯಷ್ಟು. ಇಳಿದ ಕೂಡಲೇ ಕರಿ ಕಬ್ಬಿಣದ ಒಲೆ, ಅದರ ಸುತ್ತ ಉಜ್ಜಿ ಉಜ್ಜಿ ಹೊಳೆವ ಹಿತ್ತಾಳೆ. ಬೀರುವಿನ ಬಾಗಿಲನ್ನು ಮುಂದಕ್ಕೆ ಇಳಿಸಿದರೆ ಊಟದ ಮೇಜು. ಇನ್ನೊಂದು ಬಾಗಿಲು ಅಡ್ಡ ಬಿದ್ದರೆ ಗಂಡಹೆಂಡಿರ ಮಂಚ. ಮಕ್ಕಳಿಗೆ ಪಕ್ಕದ ಬೆಂಚು, ಅದೂ ಸಾಲದಿದ್ದರೆ ನೆಲ. ಗೋಡೆ ತುಂಬ ಅಂಚಿಗೆ ಲೇಸಿನಂತೆ ತೂತಿಟ್ಟ ತಟ್ಟೆಗಳು. ನೀರಿನ ಕ್ಯಾನಿನ ಮೇಲೆ ಗುಲಾಬಿಗಳು, ಸೇತುವೆ, ಕೆರೆ, ಅದರಾಚೆ ಕೋಟೆ. ಗುಲಾಬಿಯನ್ನು ಹತ್ತಿರದಿಂದ ನೋಡಿದೆ. ಕಡುಗೆಂಪಿನ ಒಂದು ಗುಂಡು, ಒಣಗಿದ ಮೇಲೆ ಅದರ ಮೇಲೆ ತಿಳಿ ಬಣ್ಣದ ನಾಲ್ಕಾರು ಬಾಗಿದ ಬೀಸುಗಳು. ಪ್ರತಿ ಎಸಳೂ ಕುಂಚದ ಒಂದೇ ಎಳೆತ. ತಿದ್ದಿದ ಗುರುತಿಲ್ಲ. ಹಬ್ಬದ ಬೆಳಿಗ್ಗೆ ಕೈ ಎತ್ತದೆ ರಂಗೋಲಿ ಎಳೆ ಎಳೆಯುವವರ ಕೈ ಹಾಗಿರುತ್ತದೆ.

ಹೆಂಗಸರು ಇಷ್ಟವಿದ್ದೇ ದೋಣಿಗೆ ಬಂದರೆಂದು ಹೇಳಲಾರೆ. ರೈಲು ಬಂದು ಸರಕು ಸಾಗಣೆಯ ದರ ಇಳಿದಾಗ ಆಳಿಗೆ ಕೂಲಿ, ದಡದ ಮನೆಗೆ ಬಾಡಿಗೆ ಎರಡೂ ಕೈಗೆಟುಕದೆ ಸಂಸಾರವೇ ದೋಣಿ ಹತ್ತಿತು. ದುಡ್ಡು ಬರುತ್ತಿದ್ದುದು ಸಾಗಿಸಿದ ಸರಕಿನ ಲೆಕ್ಕಕ್ಕೆ, ಅದೂ ಗಂಡನ ಕೈಗೆ. ಹೆಂಡತಿ ಚುಕ್ಕಾಣಿ ಹಿಡಿಯುತ್ತಿದ್ದಳು, ಗೇಟು ತಳ್ಳುತ್ತಿದ್ದಳು, ಬೇಯಿಸುತ್ತಿದ್ದಳು, ಹೆರುತ್ತಿದ್ದಳು. ಅವಳ ಹೆಸರಿಗೆ ಕೂಲಿ ಇರಲಿಲ್ಲ. ದೋಣಿ ಒಂದು ಊರಲ್ಲಿ ನಿಲ್ಲದ ಕಾರಣ ಮಕ್ಕಳಿಗೆ ಶಾಲೆಯೂ ಇರಲಿಲ್ಲ. ಕೋಲ್‌ವಿಲ್‌ನ ಜಾರ್ಜ್ ಸ್ಮಿತ್ ಎಂಬಾತ ಹಟ ಹಿಡಿದು ಓಡಾಡಿದ್ದರಿಂದ 1877ರಲ್ಲೂ 1884ರಲ್ಲೂ ದೋಣಿವಾಸಿಗಳ ಬಗ್ಗೆ ಕಾನೂನುಗಳಾದವು. ಆದರೂ ಅಕ್ಷರ ಕಾಣದೆ ಮುದುಕರಾದವರು ಬಹಳ. ಆ ಕೋಣೆಯ ಹಿತ್ತಾಳೆಯ ಹೊಳಪು ನೋಡುತ್ತ ನನಗೆ ಗಂಟಲು ಕಟ್ಟಿತು. ಕಲ್ಲಿದ್ದಲು ಹೊತ್ತ ದೋಣಿಯ ತುದಿಯಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲದಂತೆ ಮನೆ ಇಟ್ಟುಕೊಂಡವಳು ದಿನಕ್ಕೆ ಎಷ್ಟು ಸಲ ಒರೆಸಿರಬೇಕು!

ದೋಣಿ ಎಳೆದ ಆ ಕುದುರೆಗಳ ಕಾಲ ಇನ್ನೂ ಕೈಗೆ ಸಿಗುತ್ತದೆ. ಸೇತುವೆಯ ಕಮಾನಿನ ಅಂಚಿಗೆ ಹೊಡೆದ ಕಬ್ಬಿಣದ ಪಟ್ಟಿಯಲ್ಲಿ ಆಳವಾದ ಗೀರುಗಳಿವೆ. ನನ್ನ ತೋರುಬೆರಳು ಒಂದರಲ್ಲಿ ಪೂರ್ತಿ ಕೂತಿತು. ಮರಳು ಮೆತ್ತಿದ ಒದ್ದೆ ಹಗ್ಗ ದಿನವೂ ಉಜ್ಜಿ ಉಜ್ಜಿ ಕಬ್ಬಿಣವನ್ನು ಕೊರೆದಿದೆ, ನಮ್ಮ ಸೇದುಬಾವಿಯ ಕಲ್ಲಿನ ಮೇಲೆ ಹಗ್ಗದ ಗುರುತು ಇರುವ ಹಾಗೆ.

ಸರಕು ಸಾಗಣೆಗೆ ಕೊನೆಯ ಪೆಟ್ಟು ಕೊಟ್ಟದ್ದು ಚಳಿ. 1962ರ ಕೊನೆಯಿಂದ ಮರುವರ್ಷದ ವಸಂತದವರೆಗೆ ಇಂಗ್ಲೆಂಡು ಹೆಪ್ಪುಗಟ್ಟಿತು. ಸರಕು ದೋಣಿಗಳು ವಾರಗಟ್ಟಲೆ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದವು, ಗಿರಾಕಿಗಳು ಲಾರಿ ಹಿಡಿದರು, ಮತ್ತೆ ಬರಲಿಲ್ಲ. ಅದಕ್ಕೆ ಮೊದಲೇ ಕಾಲುವೆಗಳು ಒಂದೊಂದಾಗಿ ಹೂಳು ತುಂಬುತ್ತಿದ್ದವು. ಟಾಮ್ ರೋಲ್ಟ್ ತನ್ನ ದೋಣಿ ಕ್ರೆಸ್ಸಿಯಲ್ಲಿ ತಿರುಗಾಡಿ ಬರೆದ 'ನ್ಯಾರೋ ಬೋಟ್' 1944ರಲ್ಲಿ ಬಂದು ಜನರ ಕಣ್ಣು ತೆರೆಸಿತು; ಎರಡು ವರ್ಷದಲ್ಲಿ ಕಾಲುವೆ ಉಳಿಸುವ ಸಂಘವೇ ಹುಟ್ಟಿತು. ನಾವು ಹೋಗುತ್ತಿದ್ದ ಕಾಲುವೆಯಲ್ಲಿ ದೋಣಿ ಬಿಡುವ ಹಕ್ಕನ್ನೂ ಅದೇ 1944ರ ಕಾಯಿದೆಯೊಂದು ತೆಗೆದುಹಾಕಿತ್ತು. ಆದರೂ ಇದನ್ನು ಮುಚ್ಚಲಿಲ್ಲ. ಕಾರಣ ಕೇಳಿ ನಾನು ಕೂತಲ್ಲೇ ನೆಟ್ಟಗಾದೆ: ಇದು ಡೀ ನದಿಯ ನೀರನ್ನು ಚೆಶೈರಿನ ಹರ್ಲ್‌ಸ್ಟನ್ ಜಲಾಶಯಕ್ಕೆ ಒಯ್ಯುತ್ತದೆ, ಅಲ್ಲಿಂದ ಮನೆಮನೆಯ ನಲ್ಲಿಗೆ. ಗಮನಿಸಿ ನೋಡಿದರೆ ನೀರು ನಿಜಕ್ಕೂ ಹರಿಯುತ್ತಿತ್ತು. ಬಿದ್ದ ಎಲೆಯೊಂದು ನಮಗೆ ಎದುರಾಗಿ, ತನ್ನ ಪಾಡಿಗೆ ಬರುತ್ತಿತ್ತು. ಅಂದರೆ ಇದೂ ನಾಲೆಯೇ!

ಇಂದು ದೋಣಿಯನ್ನೇ ಮನೆ ಮಾಡಿಕೊಂಡವರು ಮತ್ತೆ ಹೆಚ್ಚಿದ್ದಾರೆ, ಅದರಲ್ಲೂ ಲಂಡನ್ನಿನ ಬಾಡಿಗೆ ತಾಳಲಾರದವರು. ಕಾಯಂ ಜಾಗ ಇಲ್ಲದವರು ಹದಿನಾಲ್ಕು ದಿನಕ್ಕಿಂತ ಹೆಚ್ಚು ಒಂದೆಡೆ ನಿಲ್ಲುವಂತಿಲ್ಲ. ನಮ್ಮ ದಾರಿಯ ಎಲ್ಸ್‌ಮಿಯರ್ ಬಳಿ ನೀರು ಹಿಡಿಯುವ ನಲ್ಲಿಯ ಹತ್ತಿರ ಸಿಕ್ಕ ಹೆಂಗಸೊಬ್ಬರು ತಮ್ಮ ಮಗನ ಶಾಲೆಯ ಕಷ್ಟ ಹೇಳಿಕೊಂಡರು. ಸ್ಮಿತ್‌ನ ಕಾಲದ ಕಷ್ಟವೇ, ಸ್ವಲ್ಪ ಸಣ್ಣದಾಗಿ. ಮಾತಾಡುತ್ತಲೇ ನಮ್ಮ ಪೈಪನ್ನೂ ಅವರೇ ಸುತ್ತಿಕೊಟ್ಟರು.

ನಾಲ್ಕನೆಯ ದಿನ ಪಾಂಟ್‌ಕಸಿಲ್ತೆ. ವೇಲ್ಸಿನವರ ಬಾಯಲ್ಲಿ ಆ ಲಕಾರ ನಾಲಿಗೆಯ ಪಕ್ಕದಿಂದ ಗಾಳಿ ಸೂಸಿದಂತೆ ಬರುತ್ತದೆ, ನನಗೆ ಒಲಿಯಲಿಲ್ಲ. ಥಾಮಸ್ ಟೆಲ್‌ಫರ್ಡ್, ವಿಲಿಯಂ ಜೆಸಪ್ ಇಬ್ಬರೂ ಸೇರಿ ಹತ್ತು ವರ್ಷ ಕಟ್ಟಿಸಿ 1805ರಲ್ಲಿ ತೆರೆದ ಮೇಲ್ಗಾಲುವೆ ಇದು. ಡೀ ನದಿಯಿಂದ 38 ಮೀಟರ್ ಎತ್ತರದಲ್ಲಿ, 18 ಕಲ್ಲಿನ ಕಂಬಗಳ ಮೇಲೆ, 307 ಮೀಟರ್ ಉದ್ದದ ಎರಕದ ಕಬ್ಬಿಣದ ತೊಟ್ಟಿ. ಒಂದು ಬದಿಗೆ ನಡೆಯುವ ಹಾದಿ ಮತ್ತು ಕಂಬಿ. ಇನ್ನೊಂದು ಬದಿಗೆ ನೀರಿಗಿಂತ ಗೇಣಷ್ಟೂ ಎತ್ತರವಿಲ್ಲದ ಕಬ್ಬಿಣದ ಅಂಚು. ಅದರಾಚೆ ಏನೂ ಇಲ್ಲ, ಗಾಳಿ. ಹಾದಿಯನ್ನು ನೀರಿನ ಮೇಲೆಯೇ ಚಾಚಿ ಕಟ್ಟಿದ್ದಾರೆ. ದೋಣಿ ಮುಂದೆ ನುಗ್ಗಿದಾಗ ಎದುರಿನ ನೀರು ಅದರ ಕೆಳಗಿನಿಂದ ಹಿಂದಕ್ಕೆ ಸರಿಯಲು ಜಾಗ ಸಿಗಲೆಂದು. ದೋಣಿ ತನ್ನ ತೂಕದಷ್ಟೇ ನೀರನ್ನು ಸರಿಸುವುದರಿಂದ ಕಂಬಗಳಿಗೆ ಹೆಚ್ಚಿನ ಭಾರವೂ ಇಲ್ಲ. ಅಳಿಯ ಚುಕ್ಕಾಣಿಯನ್ನು ನನ್ನ ಕೈಗೆ ಕೊಟ್ಟರು. "ಅತ್ತೆ, ಇಲ್ಲಿ ತಿರುಗಿಸುವುದು ಏನಿಲ್ಲ, ಹಿಡಿದುಕೊಳ್ಳಿ ಸಾಕು." ಹಿಡಿದುಕೊಂಡೆ. ಕೆಳಗೆ ಮರಗಳ ನೆತ್ತಿ, ಅವುಗಳ ಮೇಲೆ ಹಾರುತ್ತಿದ್ದ ಕಾಗೆಗಳ ಬೆನ್ನು. ಕಾಗೆಯ ಬೆನ್ನನ್ನು ಮೇಲಿನಿಂದ ನಾನು ಅದುವರೆಗೆ ನೋಡಿರಲಿಲ್ಲ.

ಲಾಂಗೊಲೆನ್‌ನಲ್ಲಿ ದೋಣಿ ಕಟ್ಟಿ, ಅದರಾಚೆಯ ಎರಡು ಮೈಲಿಯನ್ನು ನಡೆದೇ ಹೋದೆ. ಕಾಲುವೆಯ ಮೂಲ ಅಲ್ಲಿದೆ: ಡೀ ನದಿಗೆ ಅಡ್ಡಲಾಗಿ ಕುದುರೆ ಲಾಳದಂತೆ ಬಾಗಿದ ಟೆಲ್‌ಫರ್ಡ್‌ನ ಅಣೆಕಟ್ಟು. ನೀರು ಅಂಚಿನ ಮೇಲೆ ಗಾಜಿನ ಹಾಗೆ ಜಾರಿ ಬೀಳುತ್ತದೆ. ಬದಿಯ ಒಂದು ಸಣ್ಣ ಕಟ್ಟಡದಲ್ಲಿ ಕಾಲುವೆಗೆ ಹೋಗುವ ಪಾಲನ್ನು ಅಳೆದು ಬಿಡುತ್ತಾರೆ. ಅಪ್ಪ ಇದ್ದಿದ್ದರೆ ಎಷ್ಟು ಬಿಟ್ಟಿದ್ದಾರೆ, ಯಾರ ಸರದಿ ಎಂದು ಕೇಳದೆ ಅಲ್ಲಿಂದ ಕದಲುತ್ತಿರಲಿಲ್ಲ.

ಹಿಂತಿರುಗುವಾಗ ಹರಿವು ನಮ್ಮ ಕಡೆಗಿತ್ತು. ನ್ಯೂ ಮಾರ್ಟನ್ ಲಾಕ್ ಹತ್ತಿರ ಬಂದಾಗ ಕೆಳಗಿನಿಂದ ಒಂದು ದೋಣಿ ಆಗಲೇ ತೊಟ್ಟಿಯೊಳಗಿತ್ತು. ದೋಣಿಯನ್ನು ದಡಕ್ಕೆ ಹಿಡಿದು ನಾನು ಮೇಲಿನ ಗೇಟಿನ ಕಡೆಗೆ ನಡೆದೆ. ಅಲ್ಲಿ ನನ್ನ ವಯಸ್ಸಿನವರೇ ಒಬ್ಬರು ತೊಲೆಗೆ ಬೆನ್ನು ಕೊಟ್ಟು ಒದ್ದಾಡುತ್ತಿದ್ದರು. ಹೊಸಬರೆಂದು ನೋಡಿದರೇ ತಿಳಿಯುತ್ತಿತ್ತು. ಪಕ್ಕದಲ್ಲಿ ನಾನೂ ಒರಗಿ ನಿಂತು, ನೀರನ್ನು ತೋರಿಸಿದೆ. ಇನ್ನೂ ಅಂಗೈಯಷ್ಟು ಉಳಿದಿತ್ತು. ಇಬ್ಬರೂ ಅದನ್ನೇ ನೋಡುತ್ತ ನಿಂತೆವು.