ನನ್ನ ಐಟಿಐ ಮತ್ತು ಒಂದು ಜನರೇಟರ್

ಮಲ್ಪೆ ಬಂದರಿನಲ್ಲಿ ಯಾರ ಬೋಟಿನ ಇಂಜಿನ್ ಕೆಮ್ಮಿದರೂ ನನ್ನನ್ನು ಕರೆಯುವ ಕಾಲವೊಂದಿತ್ತು. ಐಟಿಐ ಓದಿದವನು, ಡೀಸೆಲ್ ಮೆಕ್ಯಾನಿಕ್, ಮೇಲಿಂದ ಮಾತುಗಾರ. ಆ ಹಮ್ಮಿನಲ್ಲೇ ನಮ್ಮ ಸಣ್ಣ ಬೋಟಿಗೆ ಪೆಟ್ರೋಲ್ ಜನರೇಟರ್ ತಂದೆ. ಲೈಟ್ ಫಿಶಿಂಗಿಗಲ್ಲ ಮಾರಾಯ್ರೆ, ಅದಕ್ಕೆ 2017ರಿಂದಲೇ ನಿಷೇಧ ಉಂಟು. ಡೆಕ್ಕಿಗೆ ನಾಲ್ಕು ಬಲ್ಬು, ಕ್ಯಾಬಿನ್ನಿಗೊಂದು ಫ್ಯಾನು, ಎಲ್ಲರ ಮೊಬೈಲಿಗೆ ಚಾರ್ಜು, ಅಷ್ಟೇ.

ಮೊದಲು ಅದನ್ನು ಹಿಂಬದಿಯ ಡೆಕ್ಕಿನಲ್ಲಿ ಬಯಲಿಗೇ ಇಟ್ಟಿದ್ದೆ. ಅಲ್ಲೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆಗಸ್ಟಿನ ಮಳೆ, ಹಾರುವ ಉಪ್ಪುನೀರು ನೋಡಿ ನನಗೆ ಜನರೇಟರಿನ ಮೇಲೆ ಕನಿಕರ ಹುಟ್ಟಿತು. ಕ್ಯಾಬಿನ್ನಿನ ಹಿಂಗೋಡೆಗೆ ಒತ್ತಿ ಪ್ಲೈವುಡ್ಡಿನ ಗೂಡು ಕಟ್ಟಿದೆ. ಸೈಲೆನ್ಸರಿಗೆ ಪೈಪು ಕೂರಿಸಿ, ಜೋಡಣೆಗೆ ಹಳೆಯ ರೇಡಿಯೇಟರ್ ಹೋಸಿನ ತುಂಡು ಹಾಕಿ, ಕ್ಲಿಪ್ ಬಿಗಿದು, ಬಾಯಿಯನ್ನು ಹಿಂದಕ್ಕೆ ತಿರುಗಿಸಿದೆ. ಹಿರಿಯ ಕಲಾಸಿಯೊಬ್ಬರು, "ಈ ರಬ್ಬರ್ ತಡೀತದಾ?" ಎಂದರು. "ನೀವು ಬಲೆ ನೋಡಿಕೊಳ್ಳಿ ಅಣ್ಣ, ಇದನ್ನು ನನಗೆ ಬಿಡಿ" ಎಂದೆ.

ಮುಂದಿನದನ್ನು ಹೇಳಲು ಈಗಲೂ ನಾಚಿಕೆ. ರಾತ್ರಿ, ಎದುರು ಗಾಳಿ, ಬೋಟು ನಿಧಾನಕ್ಕೆ ಹೋಗುತ್ತಿತ್ತು. ಕ್ಯಾಬಿನ್ನಿನಲ್ಲಿ ಮಲಗಿದ್ದ ಹೊಸ ಹುಡುಗ ತಲೆನೋವೆಂದ, ಆಮೇಲೆ ವಾಂತಿ ಮಾಡಿದ. ನಾನು ಎಲ್ಲರೆದುರು, "ಗಂಜಿ ಉಂಡು ಮನೆಯಲ್ಲಿರು ಮಾರಾಯ, ಕಡಲು ನಿನಗೆ ಆಗುವುದಲ್ಲ" ಎಂದು ನಗಾಡಿದೆ. ಜೊತೆಗೆ ನಕ್ಕವರಲ್ಲೂ ಒಬ್ಬನಿಗೆ ತಲೆ ಸುತ್ತಿತು. ಆಗಲೂ ನನಗೆ ಹೊಳೆಯಲಿಲ್ಲ. ನನ್ನ ಹಣೆಯೂ ಸಿಡಿಯುತ್ತಿತ್ತು. ಚಾ ಕುಡಿಯದ್ದಕ್ಕೆ ಇರಬೇಕು ಎಂದುಕೊಂಡೆ. ಆ ಹಿರಿಯರೇ ಮಾತಿಲ್ಲದೆ ಹೋಗಿ ಜನರೇಟರ್ ಬಂದ್ ಮಾಡಿದರು, ಹುಡುಗನ ರಟ್ಟೆ ಹಿಡಿದು ಮುಂದಿನ ಡೆಕ್ಕಿಗೆ ಎಳೆದು ತಂದರು. ಟಾರ್ಚು ಬಿಟ್ಟು ನೋಡಿದರೆ ರಬ್ಬರ್ ಕರಗಿ ಕರ್ರಗೆ ಅಂಟಾಗಿತ್ತು.

ದಡಕ್ಕೆ ಬಂದು ಡಾಕ್ಟರ ಬಳಿ ಹೋದೆವು. ಹುಡುಗನ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಿದಾಗ 98 ತೋರಿಸಿತು. "ನೋಡಿ, ಏನೂ ಇಲ್ಲ" ಎಂದು ಅಲ್ಲಿಯೂ ನಾನೇ ಬಾಯಿ ಹಾಕಿದೆ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಈ ಯಂತ್ರ ಆಮ್ಲಜನಕವಿರುವ ರಕ್ತವೆಂದೇ ಲೆಕ್ಕ ಹಾಕುತ್ತದೆ ಎಂದು ಹೇಳಿ ಡಾಕ್ಟರು ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು. ಹಿಮೋಗ್ಲೋಬಿನ್ನಿಗೆ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ನಾನಾದರೋ, ಒಳಗೆ ಹೊಗೆಯೇ ಕಾಣುವುದಿಲ್ಲ ನೋಡಿ ಎಂದು ಬೀಗುತ್ತಿದ್ದವನು.

ರಬ್ಬರ್ ಕರಗದಿದ್ದರೂ ಪೈಪು ತಪ್ಪೇ. ಬೋಟು ಮುಂದೆ ಹೋಗುವಾಗ ಕ್ಯಾಬಿನ್ನಿನ ಬೆನ್ನಿಗೆ ಗಾಳಿ ಸುಳಿಯುತ್ತದೆ. ಹಿಂದೆ ಬಿಟ್ಟದ್ದನ್ನು ಅದೇ ಗಾಳಿ ಬಾಗಿಲಿನಿಂದ ಒಳಗೆ ತಂದು ಹಾಕುತ್ತದೆ. ಇಷ್ಟು ವರ್ಷ ಅಲ್ಲೇ ನಿಂತು ಬೀಡಿ ಸೇದಿದ್ದೇನೆ, ಆ ಹೊಗೆ ಎತ್ತ ಹೋಗುತ್ತದೆ ಎಂದು ನೋಡಿರಲಿಲ್ಲ.

ಈಗ ಜನರೇಟರ್ ಮತ್ತೆ ಬಯಲಿಗೇ. ಮಳೆಗೆ ಮೇಲೊಂದು ತಗಡು, ನಾಲ್ಕೂ ಬದಿ ತೆರೆದೇ ಉಂಟು. ಪೈಪು ಪೂರ್ತಿ ಸ್ಟೀಲಿನದು, ನಡುಕ ತಡೆಯುವ ತುಂಡು ಕೂಡ. ಬಾಯಿ ಕ್ಯಾಬಿನ್ನಿನ ಮಾಡಿಗಿಂತ ಎತ್ತರ. ಒಳಗೆ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆ. ಮಲಗುವಾಗ ಜನರೇಟರ್ ಬಂದ್, ಹಾಗಾಗಿ ಫ್ಯಾನ್ ಇಲ್ಲ, ಬೈಗುಳ ಉಂಟು. ಹುಡುಗನಲ್ಲಿ ಕ್ಷಮೆ ಕೇಳಿದೆ. "ಬಿಡಿ ಅಣ್ಣ, ಕಡಲು ನನಗೆ ಆಗ್ತದೆ. ಪೈಪು ನಿಮಗೆ ಆಗುವುದಲ್ಲ" ಎಂದ.

ಜೂನ್, ಜುಲೈಯ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಬೋಟು ರಿಪೇರಿ ಮಾಡಿಸುವವರು ಈ ಪೈಪನ್ನೂ ಒಮ್ಮೆ ನೋಡಿಸಿ. ಕಡಲಿನಲ್ಲಿ ಇಬ್ಬರಿಗೆ ಒಟ್ಟಿಗೆ ತಲೆನೋವು ಬಂದರೆ ಕಾರಣ ಆಮೇಲೆ ಹುಡುಕಿ. ಮೊದಲು ಜನರೇಟರ್ ಬಂದ್ ಮಾಡಿ, ಎಲ್ಲರೂ ಹೊರಗೆ ಬನ್ನಿ.