ಟ್ಯಾಬ್ ಒತ್ತಿ, ಎಂಟರ್ ಹೊಡಿ

2010ರ ಆಸುಪಾಸು. ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯ ಕೆರೂರಿನಲ್ಲಿ ಝೆರಾಕ್ಸ್ ಅಂಗಡಿಗಳು ಒಂದೊಂದಾಗಿ ಆನ್‌ಲೈನ್ ಸೆಂಟರ್ ಆಗುತ್ತಿದ್ದವು. ವಿದ್ಯಾರ್ಥಿವೇತನ, ನೌಕರಿ ಅರ್ಜಿ, ಪರೀಕ್ಷೆಯ ಫಲಿತಾಂಶ ಎಲ್ಲದಕ್ಕೂ ಅಲ್ಲಿಗೇ ಬರಬೇಕು. ಕೊನೆಯ ದಿನ ಬಂತೆಂದರೆ ಸುತ್ತಲಿನ ಹಳ್ಳಿಯವರ ಸಾಲು ರಸ್ತೆಗೆ ಇಳಿಯುತ್ತಿತ್ತು.

ಅರ್ಜಿ ಪೂರ್ತಿ ತುಂಬಿಯಾಗಿರುತ್ತಿತ್ತು. ‘ಮುಂದೆ’ ಎಂಬ ಲಿಂಕ್ ಮೇಲೆ ಮೌಸ್ ಒಯ್ದರೆ ಬಾಣದ ಗುರುತು ಬಾಣವಾಗಿಯೇ ಉಳಿಯುತ್ತಿತ್ತು, ಕೈ ಆಗುತ್ತಿರಲಿಲ್ಲ.

“ಯಣ್ಣಾ, ಒತ್ತಿದ್ರ ಏನೂ ಆಗವಲ್ದಲ್ಲ?”

“ಸರ್ವರ್ ಹಂಗಾಗೇತಿ, ತಡೀರಿ.”

ಸರ್ವರ್‌ಗೆ ಏನೂ ಆಗಿರಲಿಲ್ಲ. ಒತ್ತಿದ್ದು ಅಲ್ಲಿಗೆ ಮುಟ್ಟಿಯೇ ಇರಲಿಲ್ಲ. ಲಿಂಕ್ ಮೇಲೆ ಬಣ್ಣವಿಲ್ಲದ ಇನ್ನೊಂದು ಪೆಟ್ಟಿಗೆ ಹಾಸಿಕೊಂಡಿರುತ್ತಿತ್ತು. ಟೇಬಲ್ಲಿನ ಗಾಜಿನಡಿ ಇಟ್ಟ ಚೀಟಿಯಂತೆ ಲಿಂಕ್ ಕಾಣುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ಫೈರ್‌ಫಾಕ್ಸ್ ಬ್ರೌಸರ್, ಮೇಲಿನ ಪೆಟ್ಟಿಗೆಗೇ ಕ್ಲಿಕ್ ಕೊಡುತ್ತಿತ್ತು. ಅಂದಿನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮಾತ್ರ, ಪೆಟ್ಟಿಗೆಗೆ ಹಿನ್ನೆಲೆ ಬಣ್ಣವಿಲ್ಲದಿದ್ದರೆ, ಕ್ಲಿಕ್ಕನ್ನು ಕೆಳಗಿನ ಅಕ್ಷರಕ್ಕೋ ಚಿತ್ರಕ್ಕೋ ದಾಟಿಸಿಬಿಡುತ್ತಿತ್ತು. ಎಕ್ಸ್‌ಪ್ಲೋರರ್‌ನಲ್ಲಷ್ಟೇ ನೋಡಿ ಪುಟ ಕಟ್ಟಿದವರಿಗೆ ತಪ್ಪು ಕಾಣುವುದಾದರೂ ಹೇಗೆ? ಯಾವುದು ಮೇಲೆ ಕಾಣಬೇಕೆಂದು, ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್ ನಿಯಮಗಳು ವಿವರವಾಗಿ ಹೇಳಿದ್ದವು. ಕ್ಲಿಕ್ ಯಾರಿಗೆ ಸೇರಬೇಕೆಂಬುದನ್ನು ಅಷ್ಟು ಬಿಗಿಯಾಗಿ ಹೇಳಿರಲಿಲ್ಲ.

ಹಳೆಯ ಎಕ್ಸ್‌ಪ್ಲೋರರ್ 6 ಇದ್ದ ಕಂಪ್ಯೂಟರಿನ ಪಾಡೇ ಬೇರೆ. ಜನ್ಮದಿನಾಂಕಕ್ಕೆ ಕ್ಯಾಲೆಂಡರ್ ತೆರೆದರೆ ಕೆಳಗಿರಬೇಕಾದ ತಾಲೂಕುಗಳ ಪಟ್ಟಿ ಅದನ್ನು ಸೀಳಿಕೊಂಡು ಮೇಲೆ ಬರುತ್ತಿತ್ತು. ತಾರೀಖು ಒತ್ತಿದರೆ ಬಾದಾಮಿ ಹೋಗಿ ಬೀಳಗಿ ಆಗುತ್ತಿತ್ತು. ಅಂಥ ತಪ್ಪಿನ ಹೊರೆ ಅರ್ಜಿ ಹಾಕಿದವರ ಮೇಲೆಯೇ ಬೀಳುತ್ತಿದ್ದುದು ಅನ್ಯಾಯ.

ಅಂಗಡಿಯ ಹುಡುಗರು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡರು. ಮೌಸ್ ಬದಿಗಿಟ್ಟು ಟ್ಯಾಬ್ ಒತ್ತುತ್ತ ಹೋಗುವುದು, ಲಿಂಕಿನ ಸುತ್ತ ಸಣ್ಣ ಚುಕ್ಕೆಗೆರೆ ಮೂಡಿದ ಕೂಡಲೇ ಎಂಟರ್ ಹೊಡೆಯುವುದು. ಮೇಲೆ ಏನೇ ಹಾಸಿಕೊಂಡಿರಲಿ, ಕೀಲಿಮಣೆಗೆ ಅಡ್ಡಿಯಿಲ್ಲ. ಅದೂ ಆಗದಿದ್ದರೆ ಕಂಟ್ರೋಲ್ ಜೊತೆ ಮೈನಸ್ ಒತ್ತಿ ಪುಟವನ್ನು ಚಿಕ್ಕದು ಮಾಡುವುದು; ಪೆಟ್ಟಿಗೆ ಅತ್ತಿತ್ತ ಸರಿದು ಲಿಂಕ್ ಬಿಡುವಾಗುತ್ತಿತ್ತು. ಯಾವ ಅರ್ಜಿ ಯಾವ ಬ್ರೌಸರಿನಲ್ಲಿ ನಡೆಯುತ್ತದೆ ಎಂಬ ಚೀಟಿ ಮಾನಿಟರಿಗೆ ಅಂಟಿರುತ್ತಿತ್ತು. ಇದನ್ನು ಯಾವ ಕಂಪ್ಯೂಟರ್ ಕ್ಲಾಸೂ ಕಲಿಸಿರಲಿಲ್ಲ. ಸಾಲಿನಲ್ಲಿ ನಿಂತವರ ಗಾಬರಿ ನೋಡಿ ಕಲಿತದ್ದು.

ಮೇಲಿನ ಪೆಟ್ಟಿಗೆಗೆ ‘ಕ್ಲಿಕ್ ನಿನಗಲ್ಲ’ ಎಂದು ತಿಳಿಸುವ ಪಾಯಿಂಟರ್-ಇವೆಂಟ್ಸ್ ಸೌಲಭ್ಯ 2010ರ ಜನವರಿಯಲ್ಲಿ ಬಂದ ಫೈರ್‌ಫಾಕ್ಸ್ 3.6ರಲ್ಲೇ ಇತ್ತು. ಎಕ್ಸ್‌ಪ್ಲೋರರ್‌ಗೆ ಅದು ದಕ್ಕಿದ್ದು 2013ರಲ್ಲಿ, 11ನೇ ಆವೃತ್ತಿಗೆ. ಅಷ್ಟರಲ್ಲಿ ಅಂಗಡಿಗಳಲ್ಲಿ ಕ್ರೋಮ್ ನೆಲೆಯೂರುತ್ತಿತ್ತು. 2022ರ ಜೂನ್ 15ಕ್ಕೆ ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರ್‌ಗೆ ಬೆಂಬಲ ನಿಲ್ಲಿಸುವ ಹೊತ್ತಿಗೆ ಮಾನಿಟರಿನ ಚೀಟಿಗಳು ಕಿತ್ತುಹೋಗಿದ್ದವು.

ಈಗ ಬಹಳ ಮಂದಿ ಅರ್ಜಿಯನ್ನು ಫೋನಿನಲ್ಲೇ ತುಂಬುತ್ತಾರೆ. ಅಲ್ಲೂ ಪರದೆಯ ಬುಡದಲ್ಲಿ ಜಾಹೀರಾತಿನ ಪಟ್ಟಿಯೋ ಅನುಮತಿ ಕೇಳುವ ಪಟ್ಟಿಯೋ ಸಲ್ಲಿಕೆಯ ಗುಂಡಿಯ ಮೇಲೆ ಕೂತಿರುತ್ತದೆ. ಫೋನಿನಲ್ಲಿ ಟ್ಯಾಬ್ ಕೀಲಿ ಇಲ್ಲ. ಹಾಗೆ ಸಿಕ್ಕಿಬಿದ್ದವರು ಮತ್ತೆ ಆನ್‌ಲೈನ್ ಸೆಂಟರಿಗೇ ಬರುತ್ತಾರೆ. ಹುಡುಗರು ಮೊದಲು ಆ ಪಟ್ಟಿಯ ಮೂಲೆಯಲ್ಲಿರುವ ಸಣ್ಣ ‘×’ ಗುರುತನ್ನು ಹುಡುಕುತ್ತಾರೆ.